ಗಾಜಿಗೂ ಎಣ್ಣೆನೀರು

ಬೇಲೂರು ರಸ್ತೆ ಹಾಸನಕ್ಕೆ ಸೇರುವ ಕಡೆ, ಉಕ್ಕಡದ ಹತ್ತಿರ,
ಕೋಳಿ ಕೂಗಿದ ಮೇಲೆ, ಕಾಗೆ ಕೂಗುವ ಮುಂಚೆ
ನಾವಿಬ್ಬರೂ ನಿಲ್ಲುತ್ತಿದ್ದೆವು.
ಮುಂದೆ ಮುನಿಸಿಪಾಲಿಟಿಯ ಇನ್ಸ್‌ಪೆಕ್ಟರು, ನರಸಪ್ಪಯ್ಯನವರು:
ಮಫ್ಲರು, ಬೂಟ್ಸು, ಜೇಬಿನಲ್ಲಿ ರಶೀದಿ ಪುಸ್ತಕ.
ಹಿಂದೆ ನಾನು, ಜವಾನ ದ್ಯಾವಣ್ಣ,
ಕಂಕುಳಲ್ಲಿ ಹೊನ್ನೆಮರದ ಪೆಟ್ಟಿಗೆ,
ಅದರೊಳಗೆ ಹಸಿರು ಬನಾತಿನ ಮೇಲೆ
ಕೂಸು ಮಲಗಿಸಿದ ಹಾಗೆ ಆ ಗಾಜಿನ ಕಡ್ಡಿ.

ಕೆಳಗೆ ಬುರುಡೆ, ಮೇಲೆ ಕತ್ತು, ಕತ್ತಿನ ತುಂಬ ಗೀಟು.
ಗಟ್ಟಿ ಹಾಲಿಗೆ ಬಿಟ್ಟರೆ ತೇಲುತ್ತದೆ,
ನೀರು ಬೆರೆತಿದ್ದರೆ ಇಳಿಯುತ್ತದೆ.
ಆಫೀಸಿನಲ್ಲಿ ಅದರ ಹೆಸರು ಲ್ಯಾಕ್ಟೋಮೀಟರು;
ಹಾಲಿನವರು ಕರೆಯುತ್ತಿದ್ದದ್ದು ಚಾಡಿಗಾಜು.
ಗೀಟು ದಾಟಿ ಮುಳುಗಿದರೆ ಎಂಟಾಣೆ ದಂಡ,
ಹಾಲು ಚರಂಡಿಗೆ. ಸುರಿಯುವುದು ನನ್ನ ಕೆಲಸ.
ಬೀದಿನಾಯಿಗಳು ನೆಕ್ಕಿ ನೆಕ್ಕಿ
ನಮ್ಮಿಬ್ಬರನ್ನೂ ಹರಸುತ್ತಿದ್ದವು.

ಐತಾಳರ ಹೋಟೆಲಿಗೆ ಹೋದರೆ ಬೇರೆ ಕಾನೂನು.
ಬೋಂಡಾ ತಟ್ಟೆಗೆ ಜಾಲರಿ ಮುಚ್ಚಬೇಕು ಅಂತ ಲೈಸೆನ್ಸಿನಲ್ಲಿತ್ತು.
ಅವರು ಲೈಸೆನ್ಸಿಗೇ ಕಟ್ಟು ಹಾಕಿಸಿ, ಗಾಜು ಹೊದಿಸಿ,
ಗಣಪತಿ ಪಟದ ಪಕ್ಕ ತೂಗುಹಾಕಿ
ದಿನಾ ಕುಂಕುಮವಿಟ್ಟು ಊದಿನಕಡ್ಡಿ ಬೆಳಗುತ್ತಿದ್ದರು.
ನೊಣ ಪಾಪ ಓದು ಬಾರದ್ದು, ಬೋಂಡಾದ ಮೇಲೇ ಕೂರುತ್ತಿತ್ತು.
ಇನ್ಸ್‌ಪೆಕ್ಟರು ಅಡಿಗೆಮನೆ ಬಾಗಿಲಲ್ಲೇ ನಿಂತು ಕೆಮ್ಮಿ
"ಎಲ್ಲಾ ಶುದ್ಧ ತಾನೆ?" ಅನ್ನುವರು.
ಒಳಗಿನಿಂದ ಒಂದು ಲೋಟ ಕಾಫಿ ಬಂದು ಉತ್ತರ ಹೇಳುತ್ತಿತ್ತು.

ಮಾಗಿಯ ಒಂದು ಬೆಳಗ್ಗೆ
ಮೂಡಲಕೊಪ್ಪಲಿನ ಈರಬೋರಮ್ಮ ಮಡಕೆ ಇಳಿಸಿದಳು.
ಗಾಜು ಮುಳುಗಿತು.
ಅವಳು ಅಳಲಿಲ್ಲ, ಮಕ್ಕಳ ಹೆಸರೆತ್ತಲಿಲ್ಲ.
ಸೊಂಟದ ಗಂಟು ಬಿಚ್ಚಿ ಎಂಟಾಣೆ ಎಣಿಸಿ ಕೊಟ್ಟು
ತಿರುಗಿದ್ದು ನನ್ನ ಕಡೆ, ಅವರ ಕಡೆ ಅಲ್ಲ:

"ನನ್ನ ಹಾಲಲ್ಲಿ ನೀರೈತೆ, ಒಪ್ಕಂಡೆ.
ನಿನ್ನ ಗಾಜಲ್ಲಿ ಏನೈತಪ್ಪ?"

ಏನೂ ಇರಲಿಲ್ಲ. ಗಾಜಲ್ಲವೆ, ಈಚೆಯಿಂದ ಆಚೆ ಕಾಣುತ್ತದೆ.
ಆದರೆ ಅವಳ ಮಡಕೆಗೆ ಮುಂಚೆ ಅವತ್ತು ಹನ್ನೊಂದು ಮಡಕೆ.
ಒಂದರಿಂದ ಎತ್ತಿ ಇನ್ನೊಂದಕ್ಕೆ ಅದ್ದುವ ನಡುವೆ
ಪಂಚೆಯ ಚುಂಗಿನಲ್ಲಿ ಒರೆಸುತ್ತಿದ್ದೆ.
ಸಂಜೆ ತೊಳೆಯುವುದು ಹುಣಸಿನಕೆರೆಯ ಮೆಟ್ಟಿಲಲ್ಲಿ,
ಈ ಕಡೆ ಅಗಸರ ಮೂಟೆ, ಆ ಕಡೆ ಎಮ್ಮೆ.

ಆ ಬೇಸಿಗೆ ವಾಂತಿಭೇದಿ ಬಂತು.
ತಮಟೆಯವನ ಜೊತೆ ಬೀದಿ ಬೀದಿ ಸಾರಿದವನು ನಾನೇ:
"ನೀರು ಕುದಿಸಿ ಕುಡೀರಪ್ಪೋ,
ಕೊಯ್ದಿಟ್ಟ ಹಣ್ಣು ಮಾರಬ್ಯಾಡ್ರಪ್ಪೋ!"
ಸಾರುತ್ತಾ ಸುಣ್ಣ ಚೆಲ್ಲಿದ ಬಾಗಿಲು ಎಣಿಸಿದೆ.
ಯಾರ ಮನೆಗೆ ಯಾರ ಹಾಲು, ನನಗೆ ಗೊತ್ತಿತ್ತು;
ಅದಕ್ಕೇ ಎಣಿಸುವುದನ್ನು ಅರ್ಧಕ್ಕೆ ಬಿಟ್ಟೆ.
ಕಾಯಿಸಿಯೇ ಕುಡಿದಿರುತ್ತಾರೆ ಅಂದುಕೊಂಡೆ.
ಈಗಲೂ ಅಂದುಕೊಳ್ಳುತ್ತೇನೆ.
ಡಾಕ್ಟರ ರಿಪೋರ್ಟಿನಲ್ಲಿ ನಾಲ್ಕು ಬಾವಿಯ ಹೆಸರಿತ್ತು,
ಮಾವಿನಹಣ್ಣಿನ ಹೆಸರಿತ್ತು.
ಪೆಟ್ಟಿಗೆಯ ಹೆಸರಿರಲಿಲ್ಲ.

ಮಳೆ ಹಿಡಿದ ಮೇಲೆ ಮತ್ತೆ ಉಕ್ಕಡದ ಹತ್ತಿರ ನಿಂತೆವು.
ಈರಬೋರಮ್ಮ ಬರಲಿಲ್ಲ. ಹಸು ಮಾರಿದಳಂತೆ, ಅಂದಳು ಒಬ್ಬಳು.
ಇನ್ನೊಬ್ಬಳು ಏನೂ ಅನ್ನಲಿಲ್ಲ.
ನಾನು ಮನೆಯಿಂದ ಒಂದು ಚೊಂಬು ನೀರು ಕುದಿಸಿ,
ಗಾಜು ಸೀಳದಷ್ಟು ಆರಿಸಿ ತಂದಿದ್ದೆ.
ಒಂದೊಂದು ಮಡಕೆಗೆ ಮುಂಚೆಯೂ ಒಂದಿಷ್ಟು ಹೊಯ್ದೆ.
"ಇದು ರೂಲಿನಲ್ಲಿ ಇಲ್ಲವಲ್ಲೋ" ಅಂದರು ಇನ್ಸ್‌ಪೆಕ್ಟರು.
"ಬೇಡ ಅಂತಲೂ ಇಲ್ಲ ಸ್ವಾಮಿ."
ಹಬೆ ಕಂಡು ಹೆಂಗಸರು ನಕ್ಕರು:
"ನೋಡ್ರೇ, ಗಾಜಿಗೂ ಎಣ್ಣೆನೀರು!"

ಒರೆಸಲಿಲ್ಲ. ಹಾಗೇ ಅದ್ದಿದೆ.
ಕಡ್ಡಿಯ ತುದಿಯಿಂದ ಎರಡು ಹನಿ ಜಾರಿತು.
ಅವತ್ತಿನಿಂದ ರಿಟೈರಾಗುವ ತನಕ
ಹಾಸನದ ಹಾಲಿಗೆ ದಿನಾ ಬೆಳಗ್ಗೆ
ನೀರು ಬೆರೆಸಿದವನು ನಾನು.